ಕಡಿಮೆ ಖರ್ಚಿನಲ್ಲಿ ಫ್ಲೈ ಫಿಶಿಂಗ್ ಶುರು ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಮೆರಿಕದ ಕೊಲರಾಡೋದಲ್ಲಿ, ಡೆನ್ವರ್ ಹತ್ತಿರ ಇದ್ದೇನೆ. ಇಲ್ಲಿನ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಜನ ಮೊಣಕಾಲು ಮಟ್ಟದ ನೀರಲ್ಲಿ ನಿಂತು, ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸುತ್ತಿರುತ್ತಾರೆ. ಅದನ್ನು ನೋಡಿದ ನಮ್ಮ ಕನ್ನಡದ ಗೆಳೆಯರು "ನಾವೂ ಕಲಿಯಬಹುದಾ?" ಎಂದು ಕೇಳುತ್ತಾರೆ. ಎರಡನೇ ಪ್ರಶ್ನೆ ಯಾವಾಗಲೂ ದುಡ್ಡಿನದು. ಅಂಗಡಿಯಲ್ಲಿ ಒಂದು ರಾಡ್‌ಗೆ 900 ಡಾಲರ್ ಬೆಲೆ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅಷ್ಟು ಬೇಕಾಗಿಲ್ಲ. ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಬೆಲೆಗಳೆಲ್ಲ ಅಂದಾಜು.

ಇದು ನಮ್ಮೂರಲ್ಲಿ ಗಾಳ ಹಾಕುವ ಹಾಗೇ ಅಲ್ವಾ? ಬೇರೆ ಸಾಮಾನು ಯಾಕೆ?

ಮೀನು ಅದೇ, ನೀರು ಅದೇ. ಎಸೆಯುವ ರೀತಿ ಮಾತ್ರ ಪೂರ್ತಿ ಬೇರೆ.

ನಾನು ಚಿಕ್ಕವನಿದ್ದಾಗ ತೀರ್ಥಹಳ್ಳಿ ಕಡೆಯ ಹಳ್ಳಗಳಲ್ಲಿ ಬಿದಿರಿನ ಕೋಲಿಗೆ ದಾರ ಕಟ್ಟಿ, ಕೊಕ್ಕೆಗೆ ಎರೆಹುಳ ಚುಚ್ಚಿ ಕೂರುತ್ತಿದ್ದೆವು. ದಾರಕ್ಕೆ ಸಣ್ಣ ಸೀಸದ ಗುಂಡು ಇರುತ್ತಿತ್ತು. ಆ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈ ಅಂದರೆ ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಹುಳದ ರೂಪ. ಅದಕ್ಕೆ ಭಾರವೇ ಇಲ್ಲ. ಕೋಳಿ ಗರಿಯನ್ನು ಕೈಯಿಂದ ಎಸೆದು ನೋಡಿ, ಎರಡಡಿ ದಾಟುವುದಿಲ್ಲ. ಹಾಗಾಗಿ ಇಲ್ಲಿ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪನೆಯ, ಪ್ಲಾಸ್ಟಿಕ್ ಹೊದಿಸಿದ ಲೈನ್. ನೀವು ಎಸೆಯುವುದು ಆ ಲೈನನ್ನು. ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಇದೊಂದು ಮನಸ್ಸಿಗೆ ಬಂದರೆ ದುಡ್ಡು ಎಲ್ಲಿ ಹಾಕಬೇಕು ಎನ್ನುವುದೂ ತಿಳಿಯುತ್ತದೆ. ಮೊದಲು ಲೈನಿಗೆ, ಆಮೇಲೆ ರಾಡ್‌ಗೆ, ಕೊನೆಗೆ ಲೈನ್ ಸುತ್ತಿಡುವ ರೀಲ್‌ಗೆ. ಹೊಸಬರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವುದು ರೀಲ್, ಲೈನ್ ಅಲ್ಲ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಪರವಾನಗಿ ಬಿಟ್ಟು 250ರಿಂದ 300 ಡಾಲರ್ ಇದ್ದರೆ ಒಂದು ಬೇಸಿಗೆಯನ್ನು ಚೆನ್ನಾಗಿ ಕಳೆಯಬಹುದು. ರಾಡ್, ರೀಲ್, ಲೈನ್ ಸೇರಿದ ಒಳ್ಳೆಯ ಕಿಟ್‌ಗೆ 150ರಿಂದ 200. ಒಂದು ಡಜನ್ ಫ್ಲೈಗೆ 30. ಟಿಪ್ಪೆಟ್ (ಫ್ಲೈ ಕಟ್ಟುವ ತೆಳು ದಾರ), ಚಿಮುಟ, ಸಣ್ಣ ಬಲೆ, ಪೋಲರೈಸ್ಡ್ ಕನ್ನಡಕ ಸೇರಿ 70 ಆಸುಪಾಸು. ವೇಡರ್, ಅಂದರೆ ಹೊಳೆಗೆ ಇಳಿಯಲು ಹಾಕುವ, ನೀರು ಒಳಗೆ ಬಿಡದ ಉಡುಪು, ಈ ಲೆಕ್ಕದಲ್ಲಿ ಇಲ್ಲ. ಯಾಕೆ ಇಲ್ಲ ಅಂತ ಮುಂದೆ ಹೇಳುತ್ತೇನೆ.

ಅದಕ್ಕಿಂತ ಕಡಿಮೆಯಲ್ಲೂ ಆಗುತ್ತದೆ, ಹಳೆಯ ಸಾಮಾನು ಸಿಕ್ಕರೆ. ಆದರೆ 60 ಡಾಲರ್‌ಗೆ ಎಲ್ಲವೂ ಹೊಸದಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿದ್ದೆ.

ಮೊದಲ ರಾಡ್ ಯಾವುದು ತೆಗೆದುಕೊಳ್ಳಲಿ?

9 ಅಡಿ ಉದ್ದ, 5 ವೇಟ್, ನಾಲ್ಕು ತುಂಡಿನದು, ಮೀಡಿಯಂ ಫಾಸ್ಟ್ (ತೀರಾ ಬಿರುಸೂ ಅಲ್ಲ, ತೀರಾ ಬಾಗುವುದೂ ಅಲ್ಲ). ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ.

ವೇಟ್ ಅನ್ನುವುದು ರಾಡ್‌ನ ತೂಕ ಅಲ್ಲ. ಆ ರಾಡ್ ಎಷ್ಟು ಭಾರದ ಲೈನನ್ನು ಎಸೆಯಬಲ್ಲದು ಅನ್ನುವ ಅಳತೆ. 5 ವೇಟ್ ಲೈನಿನ ಮೊದಲ 30 ಅಡಿ ಸುಮಾರು 140 ಗ್ರೇನ್ ತೂಗುತ್ತದೆ, ಅಂದರೆ 9 ಗ್ರಾಂ. ರಾಡ್ ಮೇಲೂ 5, ಲೈನಿನ ಡಬ್ಬದ ಮೇಲೂ 5 ಇರಬೇಕು. ಇಷ್ಟು ನೋಡಿಕೊಂಡರೆ ಸಾಕು.

3 ವೇಟ್ ರಾಡ್ ಸಣ್ಣ ತೊರೆಗೆ ಬಹಳ ಚೆಂದ, ಆದರೆ ಗಾಳಿ ಬೀಸಿದರೆ ಕಷ್ಟ. 8 ವೇಟ್ ಸಮುದ್ರಕ್ಕೆ, ದೊಡ್ಡ ಮೀನಿಗೆ. 5 ವೇಟ್‌ನಲ್ಲಿ ಹೊಳೆಯ ಟ್ರೌಟ್, ಬಡಾವಣೆ ಕೆರೆಯ ಬ್ಲೂಗಿಲ್, ಸಣ್ಣ ಬಾಸ್ ಎಲ್ಲ ಆಗುತ್ತದೆ. 9 ಅಡಿ ಯಾಕೆಂದರೆ, ನೀರಿನ ಮೇಲೆ ಬಿದ್ದ ಲೈನನ್ನು ಎತ್ತಿ ಪಕ್ಕಕ್ಕೆ ಇಡಲು ಉದ್ದ ಬೇಕು. ನಡುವಿನ ಸೆಳವು ಲೈನನ್ನು ಎಳೆದರೆ ಫ್ಲೈ ದೋಣಿಯ ಹಾಗೆ ಅಲೆ ಎಬ್ಬಿಸಿಕೊಂಡು ಓಡುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ ಎಂದು ಟ್ರೌಟ್‌ಗೆ ಚೆನ್ನಾಗಿ ಗೊತ್ತು.

ಹೆಸರು ಬೇಕು ಎನ್ನುವವರಿಗೆ: ಎಕೋ, ರೆಡಿಂಗ್ಟನ್ ಕಂಪನಿಗಳ ಹೊಸಬರ ರಾಡ್‌ಗಳು ಈ ಬೆಲೆಯಲ್ಲಿ ನಂಬಬಹುದಾದವು. ಸ್ವಲ್ಪ ಜಾಸ್ತಿ ಹಾಕುವ ಮನಸ್ಸಿದ್ದರೆ ಆರ್ವಿಸ್ ಕ್ಲಿಯರ್‌ವಾಟರ್. ಅದರ ರಾಡ್‌ಗೆ 25 ವರ್ಷದ ಗ್ಯಾರಂಟಿ ಇದೆ.

200 ಡಾಲರ್ ರಾಡ್‌ಗೂ 900 ಡಾಲರ್ ರಾಡ್‌ಗೂ ವ್ಯತ್ಯಾಸವೇ ಇಲ್ವಾ?

ಇದೆ. ದುಬಾರಿ ರಾಡ್ ಹಗುರ. ಎಸೆದ ಮೇಲೆ ಅದರ ತುದಿ ನಡುಗದೆ ಬೇಗ ನಿಲ್ಲುತ್ತದೆ. 60 ಅಡಿ ಆಚೆಗೆ, ಎದುರು ಗಾಳಿಯಲ್ಲಿ, ಗುರಿಯಿಟ್ಟು ಫ್ಲೈ ಇಡಬೇಕಾದರೆ ಅದು ಕೈಗೆ ಗೊತ್ತಾಗುತ್ತದೆ. ಆದರೆ ನಾನು ಹಿಡಿದ ಟ್ರೌಟ್‌ಗಳಲ್ಲಿ ಹೆಚ್ಚಿನವು 30 ಅಡಿಯ ಒಳಗೇ ಸಿಕ್ಕವು. ಮೊದಲ ವರ್ಷ ನೀವು ಎಸೆಯುವುದೂ ಅಷ್ಟೇ ದೂರ. ಆ ದೂರದಲ್ಲಿ ವ್ಯತ್ಯಾಸ ತಿಳಿಯಲು ಕೈ ಪಳಗಿರಬೇಕು, ಪಳಗುವುದಕ್ಕೆ ಮೊದಲ ರಾಡ್ ಬೇಕು.

ಕಿಟ್ ತೆಗೆದುಕೊಳ್ಳಲಾ, ಬಿಡಿಬಿಡಿಯಾಗಿ ಕೊಳ್ಳಲಾ?

ಹೆಸರಿರುವ ಕಂಪನಿಯ ಕಿಟ್ ಆದರೆ ಕಿಟ್. ರಾಡ್, ರೀಲ್, ಲೈನ್ ಒಂದಕ್ಕೊಂದು ಹೊಂದುವ ಹಾಗೆ ಇರುತ್ತವೆ. ಬ್ಯಾಕಿಂಗ್ (ಲೈನಿಗಿಂತ ಮೊದಲು ರೀಲ್‌ಗೆ ಸುತ್ತುವ ತೆಳು ದಾರ) ಸುತ್ತಿ, ಲೈನ್ ಕಟ್ಟಿಯೇ ಕೊಡುತ್ತಾರೆ.

ನನ್ನ ಕಥೆ ಹೇಳುತ್ತೇನೆ. ಮೊದಲ ವರ್ಷ ಆನ್‌ಲೈನ್‌ನಲ್ಲಿ 60 ಡಾಲರ್‌ಗೆ ಒಂದು ಕಿಟ್ ತರಿಸಿದೆ. ರಾಡ್, ರೀಲ್, ಲೈನ್, ಡಬ್ಬ ತುಂಬ ಫ್ಲೈ, ಚೀಲ, ಎಲ್ಲ ಇತ್ತು. ಲೈನ್ ಮಾತ್ರ ಹಳೇ ಟೆಲಿಫೋನ್ ವೈರಿನ ಹಾಗೆ ಸುರುಳಿ ಸುರುಳಿ. ಎಷ್ಟು ಎಳೆದರೂ ನೆಟ್ಟಗಾಗಲಿಲ್ಲ. ಎಸೆದರೆ ನನ್ನ ಕಾಲ ಬುಡದಲ್ಲೇ ಗುಡ್ಡೆಯಾಗಿ ಬೀಳುತ್ತಿತ್ತು. ತಪ್ಪು ನನ್ನ ಕೈಯದೇ ಎಂದುಕೊಂಡು ಜೂನ್‌ನಿಂದ ಆಗಸ್ಟ್‌ವರೆಗೆ ವಾರ ವಾರ ಪಾರ್ಕಿಗೆ ಹೋಗಿ ಎಸೆದೆ. ಭುಜ ನೋವು ಬಂತೇ ಹೊರತು ಲೈನ್ ಮುಂದೆ ಹೋಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹೊಳೆಯ ಹತ್ತಿರ ಒಬ್ಬ ಹಿರಿಯರು ನನ್ನ ಪಾಡು ನೋಡಿ ತಮ್ಮ ರಾಡನ್ನು ಕೈಗೆ ಕೊಟ್ಟರು. ಮೂರನೇ ಸಲಕ್ಕೆ ಲೈನ್ ಬಾಣದ ಹಾಗೆ ಹೋಗಿ ಮಲಗಿತು. ಆಮೇಲೆ ಅವರು ನನ್ನ ಲೈನನ್ನು ಬೆರಳಲ್ಲಿ ಉಜ್ಜಿ ನೋಡಿ, "ರಾಡ್ ಇರಲಿ, ಇದನ್ನು ಬಿಸಾಡಿ" ಎಂದರು. 55 ಡಾಲರ್ ಕೊಟ್ಟು ಬೇರೆ ಲೈನ್ ಹಾಕಿಸಿದೆ. ಅದೇ ಅಗ್ಗದ ರಾಡ್ ಎಸೆಯತೊಡಗಿತು. ಮುಂದಿನ ಎರಡು ವರ್ಷ ಅದರಲ್ಲೇ ಮೀನು ಹಿಡಿದೆ.

ಮೂರು ತಿಂಗಳು ಹೋಯಿತಲ್ಲ ಅನ್ನುವ ಬೇಜಾರು ನನಗೆ ಈಗಲೂ ಇದೆ. ಅಷ್ಟರಲ್ಲಿ ಎಷ್ಟೋ ಜನ ಇದು ತಮಗೆ ಆಗದ ಕೆಲಸ ಎಂದು ಬಿಟ್ಟುಬಿಡುತ್ತಾರೆ. ಈ ಉತ್ತರಗಳನ್ನೆಲ್ಲ ಬರೆಯಲು ಅದೇ ಕಾರಣ.

ಹಾಗಾದರೆ ಒಳ್ಳೆಯ ಲೈನ್ ಗುರುತಿಸುವುದು ಹೇಗೆ?

ಡಬ್ಬದ ಮೇಲೆ ಡಬ್ಲ್ಯುಎಫ್5ಎಫ್ ಎಂದು ಇರಬೇಕು. ಮೊದಲ ಎರಡು ಅಕ್ಷರಕ್ಕೆ ಭಾರ ಮುಂದಿನ ಭಾಗದಲ್ಲಿದೆ ಎಂದು ಅರ್ಥ, 5 ಅಂದರೆ ವೇಟ್, ಕೊನೆಯ ಎಫ್ ಅಂದರೆ ತೇಲುವ ಲೈನ್. ಮುಳುಗುವ ಲೈನ್ ಸದ್ಯಕ್ಕೆ ಬೇಡ. ಸೈಂಟಿಫಿಕ್ ಆಂಗ್ಲರ್ಸ್, ರಿಯೋ ಎರಡೂ ಕಂಪನಿಗಳ ಕೆಳಗಿನ ದರ್ಜೆಯ ಲೈನ್‌ಗಳೂ ಚೆನ್ನಾಗಿವೆ. 50–60 ಡಾಲರ್ ಆಸುಪಾಸು. 100 ದಾಟಿದ ಲೈನ್‌ಗಳು ಇನ್ನೂ ನುಣುಪಾಗಿ ಜಾರುತ್ತವೆ, ನಿಜ. ಈಗಲೇ ಬೇಡ. ಬಣ್ಣ ಎದ್ದು ಕಾಣುವಂತಿರಲಿ. ಲೈನ್ ಎಲ್ಲಿ ಬಿತ್ತು ಎಂದು ಕಂಡರೆ ಮಾತ್ರ ಕೈ ತಿದ್ದಿಕೊಳ್ಳಬಹುದು. ಮೀನಿಗೆ ಹತ್ತಿರ ಇರುವುದು ಹೇಗೂ ಬಣ್ಣವಿಲ್ಲದ ಲೀಡರ್.

ಲೈನನ್ನು ಕಾಪಾಡಿಕೊಳ್ಳುವುದೂ ಒಂದು ಉಳಿತಾಯ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಎಣ್ಣೆ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿಕೊಂಡರೆ ಕೈ ತೊಳೆದೇ ಲೈನ್ ಮುಟ್ಟಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ರೀಲ್ ಬಿಡಬೇಡಿ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಲೈನ್ ವರ್ಷಗಟ್ಟಲೆ ಬರುತ್ತದೆ.

ರೀಲ್ ಎಷ್ಟು ಬೆಲೆಯದು ಬೇಕು?

ಟ್ರೌಟ್‌ಗೆ ರೀಲ್ ಅಂದರೆ ಲೈನ್ ಸುತ್ತಿಡುವ ಉಂಡೆ, ಅಷ್ಟೇ. ಹನ್ನೆರಡು ಇಂಚಿನ ಮೀನನ್ನು ಎಡಗೈಯಲ್ಲಿ ಲೈನ್ ಎಳೆದೇ ಹತ್ತಿರ ತರುತ್ತೇವೆ. 40–60 ಡಾಲರ್ ರೀಲ್ ಧಾರಾಳ ಸಾಕು. ಬಲಗೈಯಲ್ಲಿ ಎಸೆಯುವವರು ಎಡಗೈಯಲ್ಲಿ ಸುತ್ತುವ ಹಾಗೆ ಜೋಡಿಸಿಕೊಡಿ ಎಂದು ಅಂಗಡಿಯಲ್ಲೇ ಹೇಳಿ. ಆಮೇಲೆ ತಿರುಗಿಸುವುದು ರಗಳೆ.

ಲೀಡರ್, ಟಿಪ್ಪೆಟ್, 5ಎಕ್ಸ್... ಏನಿದೆಲ್ಲ?

ದಪ್ಪ ಲೈನಿನ ತುದಿಗೆ ನೇರವಾಗಿ ಫ್ಲೈ ಕಟ್ಟಲು ಆಗುವುದಿಲ್ಲ. ನಡುವೆ 9 ಅಡಿಯ ಸಣ್ಣಗಾಗುತ್ತ ಹೋಗುವ ನೈಲಾನ್ ದಾರ ಇರುತ್ತದೆ. ಅದು ಲೀಡರ್. ಅದರ ಕೊನೆಗೆ ಕಟ್ಟುವ ತೆಳ್ಳಗಿನ ದಾರ ಟಿಪ್ಪೆಟ್. ಫ್ಲೈ ಬದಲಿಸುವಾಗಲೆಲ್ಲ ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗುವುದು ಟಿಪ್ಪೆಟ್ ಆಗಲಿ, ಲೀಡರ್ ಉಳಿಯಲಿ. ಹೊಸ ಲೀಡರ್‌ಗೆ ಐದಾರು ಡಾಲರ್, ಆದ್ದರಿಂದ ಇದು ಲೆಕ್ಕಕ್ಕೆ ಬರುತ್ತದೆ.

ಎಕ್ಸ್ ಸಂಖ್ಯೆ ಹೆಚ್ಚಾದಷ್ಟೂ ದಾರ ತೆಳು. 11ರಿಂದ ಎಕ್ಸ್ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ 6 ಭಾಗ, ಸುಮಾರು 0.15 ಮಿಲಿಮೀಟರ್. ಇನ್ನೊಂದು ಲೆಕ್ಕ: ಫ್ಲೈ ಸೈಜನ್ನು (ಸಂಖ್ಯೆ ಹೆಚ್ಚಾದಷ್ಟೂ ಫ್ಲೈ ಚಿಕ್ಕದು) 3ರಿಂದ ಭಾಗಿಸಿ. 16 ಸೈಜಿನ ಫ್ಲೈಗೆ 5ಎಕ್ಸ್. 9 ಅಡಿಯ 5ಎಕ್ಸ್ ಲೀಡರ್ ಎರಡು, 5ಎಕ್ಸ್ ಟಿಪ್ಪೆಟ್ ಒಂದು ಉಂಡೆ. ಮೊದಲ ಬೇಸಿಗೆಗೆ ಇಷ್ಟು. ಫ್ಲೋರೋಕಾರ್ಬನ್ ಟಿಪ್ಪೆಟ್ ದುಬಾರಿ, ನೈಲಾನ್ ಸಾಕು.

ಎರಡು ಗಂಟು ಕಲಿಯಿರಿ. ಫ್ಲೈ ಕಟ್ಟಲು ಕ್ಲಿಂಚ್, ಟಿಪ್ಪೆಟ್ ಸೇರಿಸಲು ಸರ್ಜನ್ಸ್. ಬಿಗಿಯುವ ಮುಂಚೆ ಗಂಟನ್ನು ಎಂಜಲಲ್ಲಿ ಒದ್ದೆ ಮಾಡಿ. ಒಣಗಂಟು ತಿಕ್ಕಾಟದ ಬಿಸಿಗೆ ದುರ್ಬಲವಾಗುತ್ತದೆ.

ಅಂಗಡಿಯಲ್ಲಿ ನೂರಾರು ಬಗೆಯ ಫ್ಲೈ ಇವೆ. ಯಾವುದನ್ನು ಆರಿಸಲಿ?

ಐದೇ ಬಗೆ ತೆಗೆದುಕೊಳ್ಳಿ, ಒಂದೊಂದರಲ್ಲಿ ಎರಡು ಮೂರು.

ಮೇಲೆ ತೇಲುವುದಕ್ಕೆ ಪ್ಯಾರಾಶೂಟ್ ಆಡಮ್ಸ್ 16 ಸೈಜು, ಎಲ್ಕ್ ಹೇರ್ ಕ್ಯಾಡಿಸ್ 14 ಸೈಜು. ಆಡಮ್ಸ್ ಮಿಶಿಗನ್‌ನಲ್ಲಿ 1922ರಲ್ಲಿ ಹುಟ್ಟಿದ ಫ್ಲೈ. ಬೂದು ಬಣ್ಣದ ಆ ಪುಟ್ಟ ಹುಳ ಯಾವುದೇ ಒಂದು ಹುಳದ ನಕಲಲ್ಲ, ಆದರೆ ಹತ್ತಾರು ಹುಳಗಳ ಹಾಗೆ ಕಾಣುತ್ತದೆ. ಪ್ಯಾರಾಶೂಟ್ ರೂಪದಲ್ಲಿ ತಲೆಯ ಮೇಲೆ ಬಿಳಿ ಜುಟ್ಟು ಇರುವುದರಿಂದ ನೀರಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ.

ನೀರೊಳಗೆ ಹೋಗುವುದಕ್ಕೆ ಫೆಸೆಂಟ್ ಟೇಲ್ 16 ಸೈಜು, ಝೀಬ್ರಾ ಮಿಜ್ 18 ಸೈಜು. ಫೆಸೆಂಟ್ ಟೇಲನ್ನು ಕಟ್ಟಿದವರು ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್. ನೂಲಿನ ಬದಲು ತಾಮ್ರದ ತಂತಿಯಲ್ಲಿ ಗರಿ ಸುತ್ತಿದರು. ಗಟ್ಟಿಯೂ ಆಯಿತು, ಮುಳುಗಲು ಭಾರವೂ ಸಿಕ್ಕಿತು. ಟ್ರೌಟ್ ಮೇವಿನ ಬಹುಪಾಲನ್ನು ನೀರೊಳಗೇ ತಿನ್ನುತ್ತದೆ. ಹಾಗಾಗಿ ಮೊದಲ ಮೀನು ಹೆಚ್ಚಾಗಿ ಇಂಥದಕ್ಕೇ ಬೀಳುತ್ತದೆ.

ಐದನೆಯದು ವುಲಿ ಬಗರ್, 10 ಸೈಜು, ಕಪ್ಪು ಅಥವಾ ಪಾಚಿ ಹಸಿರು. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಕಟ್ಟಿದ್ದು. ಎಳೆದರೆ ಜಿಗಣೆಯ ಹಾಗೆ, ಮರಿ ಮೀನಿನ ಹಾಗೆ ಆಡುತ್ತದೆ. ಕೆರೆಗೆ ಇದೊಂದೇ ಸಾಕು.

ಸ್ಥಳೀಯ ಫ್ಲೈ ಅಂಗಡಿಗೆ ಹೋಗಿ ಇವನ್ನು ಕೊಳ್ಳಿ. ಆನ್‌ಲೈನ್‌ಗಿಂತ ಒಂದು ಡಾಲರ್ ಜಾಸ್ತಿ ಆಗಬಹುದು. ಆದರೆ ಈ ವಾರ ಯಾವ ಹೊಳೆಯಲ್ಲಿ ಏನು ನಡೆಯುತ್ತಿದೆ ಎನ್ನುವ ಮಾತು ಪುಕ್ಕಟೆ ಸಿಗುತ್ತದೆ. ಆ ಮಾತಿಗೆ ಬೆಲೆ ಕಟ್ಟಲಾಗದು.

ನಾನೇ ಫ್ಲೈ ಕಟ್ಟಿಕೊಂಡರೆ ಉಳಿತಾಯ ಅಲ್ವಾ?

ಇಲ್ಲ. ಕೊಕ್ಕೆ ಹಿಡಿದಿಡುವ ವೈಸ್, ನೂಲು, ಗರಿ, ಕೊಕ್ಕೆ ಎಂದು ಮೊದಲೇ 100 ಡಾಲರ್ ಹೋಗುತ್ತದೆ. ಚಳಿಗಾಲದ ರಾತ್ರಿಗೆ ಅದು ಬಹಳ ಖುಷಿಯ ಕೆಲಸ. ಖುಷಿಗೆ ಮಾಡಿ, ಉಳಿತಾಯಕ್ಕೆ ಬೇಡ.

ವೇಡರ್ ಇಲ್ಲದೆ ನೀರಿಗೆ ಇಳಿಯಬಹುದಾ?

ಜುಲೈನಿಂದ ಸೆಪ್ಟೆಂಬರ್ ಅರ್ಧದವರೆಗೆ ಆರಾಮಾಗಿ. ಬೇಗ ಒಣಗುವ ಪ್ಯಾಂಟು, ಉಣ್ಣೆ ಕಾಲುಚೀಲ, ಹಿಡಿತ ಇರುವ ಹಳೆಯ ಶೂ. ಚಪ್ಪಲಿ ಬೇಡ, ಕಲ್ಲಿಗೆ ಬೆರಳು ಜಜ್ಜುತ್ತದೆ. ಹಳೆಯ ಸ್ಕೀ ಕೋಲು ಅಥವಾ ಗಟ್ಟಿ ಬಡಿಗೆ ಒಂದು ಕೈಯಲ್ಲಿರಲಿ. ನೀರು ಮೊಣಕಾಲು ದಾಟುವ ಕಡೆ ಹೋಗಬೇಡಿ.

ಚಳಿಯಲ್ಲೂ ಹೋಗುವಷ್ಟು ಹಿಡಿಸಿದೆ ಅಂತಾದಾಗ ವೇಡರ್ ಕೊಳ್ಳಿ. ಗಾಳಿಯಾಡುವ ಬಟ್ಟೆಯ, ಕಾಲುಚೀಲದ ಹಾಗಿರುವ ವೇಡರ್ 150 ಡಾಲರ್ ಆಸುಪಾಸಿಗೆ ಬರುತ್ತದೆ. ಸೊಂಟದ ಬೆಲ್ಟ್ ಇಲ್ಲದೆ ಎಂದೂ ಹಾಕಬೇಡಿ. ಬಿದ್ದರೆ ವೇಡರ್ ಒಳಗೆ ನೀರು ತುಂಬುವುದನ್ನು ತಡೆಯುವುದು ಆ ಬೆಲ್ಟ್. ಬೂಟಿನ ತಳ ರಬ್ಬರಿನದೇ ಇರಲಿ. ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ತಳ ಪಾಚಿ ಕಲ್ಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆ ಹೀರಿಕೊಂಡು ಒಂದು ಹೊಳೆಯ ಬಸವನಹುಳು, ಪಾಚಿ, ರೋಗಗಳನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನಲ್ಲಿ ಫೆಲ್ಟ್‌ಗೆ ನಿಷೇಧವಿದೆ. ಯಾವ ಬೂಟೇ ಆಗಲಿ, ಮನೆಗೆ ಬಂದು ಉಜ್ಜಿ ತೊಳೆದು ಪೂರ್ತಿ ಒಣಗಿಸಿ.

ವೆಸ್ಟು, ಚೀಲ, ಇನ್ನಿತರ ಸಣ್ಣ ಸಾಮಾನು?

ವೆಸ್ಟ್ ಬೇಡ. ಜೇಬಿರುವ ಅಂಗಿ ಸಾಕು. ದಾರ ಕತ್ತರಿಸಲು ಮನೆಯ ನೇಲ್ ಕಟರ್. ಫ್ಲೈ ಇಡಲು ಪೆಪ್ಪರ್‌ಮಿಂಟ್ ಡಬ್ಬಿ. ತೇಲುವ ಫ್ಲೈಗೆ ಹಚ್ಚುವ ಫ್ಲೋಟೆಂಟ್ ಒಂದು ಸಣ್ಣ ಬಾಟಲಿ.

ಕೆಲವನ್ನು ಮಾತ್ರ ಬಿಡುವ ಹಾಗಿಲ್ಲ. ಪೋಲರೈಸ್ಡ್ ಕನ್ನಡಕ ನೀರಿನ ಮೇಲಿನ ಹೊಳಪು ತೆಗೆದು ಒಳಗಿನ ಮೀನು ಕಾಣಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾರಿ ಬರುವ ಕೊಕ್ಕೆಯಿಂದ ಕಣ್ಣು ಉಳಿಸುತ್ತದೆ. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಚಿಮುಟ ಬೇಕು. ರಬ್ಬರ್ ಜಾಲರಿಯ ಬಲೆ ಮೀನಿನ ಮೈಮೇಲಿನ ಲೋಳೆ ಕೀಳುವುದಿಲ್ಲ. ನೂಲಿನ ಬಲೆ ಅಗ್ಗ ಎಂದು ತರಬೇಡಿ. ಒಂದು ಥರ್ಮಾಮೀಟರ್ ಕೂಡ ಇಟ್ಟುಕೊಳ್ಳಿ. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಮುಟ್ಟಿದರೆ ಟ್ರೌಟ್‌ಗೆ ಉಸಿರಾಟ ಕಷ್ಟ. ಆವತ್ತು ರಾಡ್ ಮಡಚಿ ಮನೆಗೆ ಹೋಗುವುದು ಸರಿ.

ಸೆಕೆಂಡ್ ಹ್ಯಾಂಡ್ ಕೊಂಡರೆ ಏನೇನು ನೋಡಬೇಕು?

ರಾಡ್ ತುಂಡುಗಳನ್ನು ಜೋಡಿಸಿ ಮೆಲ್ಲಗೆ ಅಲ್ಲಾಡಿಸಿ. ಕೀಲುಗಳಲ್ಲಿ ಟಕ್ ಟಕ್ ಸದ್ದು ಬಂದರೆ ಬೇಡ. ಕೀಲಿನ ಬಾಯಲ್ಲಿ ಕೂದಲೆಳೆಯ ಸೀಳು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ. ಲೈನ್ ಹೋಗುವ ಉಂಗುರಗಳ ಒಳಗೆ ಹತ್ತಿಯ ತುಣುಕು ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ತೂತು ಬಿದ್ದಿದೆ ಎಂದು ಅರ್ಥ, ಅದು ಲೈನನ್ನು ಕೊಯ್ಯುತ್ತದೆ. ಹಳೆಯ ರೀಲ್ ಧೈರ್ಯವಾಗಿ ಕೊಳ್ಳಿ. ಹಳೆಯ ಲೈನ್ ಪುಕ್ಕಟೆ ಕೊಟ್ಟರೂ ನಂಬಬೇಡಿ. ಹಳೆಯ ವೇಡರ್ ಒಳಗೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಕಿ ನೋಡಿದರೆ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ.

ಮಗಳಿಗೆ ಎಂಟು ವರ್ಷ. ಅವಳಿಗೂ ಒಂದು ಸೆಟ್ ಬೇಕಾ?

ಟೆಂಕಾರಾ ನೋಡಿ. ಜಪಾನಿನ ಬೆಟ್ಟದ ತೊರೆಗಳ ಪದ್ಧತಿ. ರೀಲ್ ಇಲ್ಲ. ಒಂದರೊಳಗೊಂದು ಸೇರುವ 11–12 ಅಡಿಯ ಹಗುರ ರಾಡ್, ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ದಾರ, ಒಂದು ಫ್ಲೈ. ನಮ್ಮ ಬಿದಿರಿನ ಗಾಳಕ್ಕೆ ಇದು ಎಷ್ಟು ಹತ್ತಿರ! ಮಗು ಹತ್ತು ನಿಮಿಷದಲ್ಲಿ ಎಸೆಯುತ್ತದೆ. 100 ಡಾಲರ್ ಒಳಗೆ ಆಗುತ್ತದೆ. ದೊಡ್ಡವರೂ ಇದರಿಂದಲೇ ಶುರು ಮಾಡಬಹುದು, ಸಣ್ಣ ತೊರೆಗಳಿಗೆ ಮಾತ್ರ ಹೋಗುತ್ತೀರಾದರೆ.

ಕಲಿಯಲು ಗೈಡ್‌ಗೆ ದುಡ್ಡು ಕೊಡಬೇಕಾ?

ಮೊದಲು ಪುಕ್ಕಟೆ ದಾರಿ ನೋಡಿ. ಕೆಲವು ಆರ್ವಿಸ್ ಅಂಗಡಿಗಳಲ್ಲಿ ಹೊಸಬರಿಗೆ ಉಚಿತ ತರಗತಿ ನಡೆಯುತ್ತವೆ. 1959ರಲ್ಲಿ ಮಿಶಿಗನ್‌ನಲ್ಲಿ ಶುರುವಾದ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಗೆ ಎಷ್ಟೋ ಊರುಗಳಲ್ಲಿ ಶಾಖೆಗಳಿವೆ. ಹೊಳೆ ಸ್ವಚ್ಛ ಮಾಡುವ ದಿನ ಒಂದು ಕೈ ಸೇರಿಸಿ, ಕಲಿಸುವವರು ತಾವೇ ಸಿಗುತ್ತಾರೆ. ಪಾರ್ಕಿನ ಹುಲ್ಲಿನ ಮೇಲೆ ಫ್ಲೈ ಬದಲು ಒಂದು ತುಂಡು ಉಣ್ಣೆ ಕಟ್ಟಿ ದಿನಕ್ಕೆ ಹದಿನೈದು ನಿಮಿಷ ಎಸೆಯಿರಿ. ಹಿಂದೆ ಎಸೆದ ಲೈನ್ ಪೂರ್ತಿ ನೆಟ್ಟಗಾಗುವವರೆಗೆ ಕಾಯಬೇಕು. ಆತುರಪಟ್ಟರೆ ಚಾಟಿಯ ಹಾಗೆ ಚಟೀರ್ ಎನ್ನುತ್ತದೆ, ಫ್ಲೈ ಕಿತ್ತುಹೋಗುತ್ತದೆ.

ಆಮೇಲೂ ಮನಸ್ಸಿದ್ದರೆ ಇಬ್ಬರು ಗೆಳೆಯರು ಸೇರಿ ಅರ್ಧ ದಿನಕ್ಕೆ ಗೈಡ್ ಹಿಡಿಯಿರಿ. ರಾಡ್‌ಗೆ ಸುರಿಯುವ ದುಡ್ಡಿಗಿಂತ ಅದು ಜಾಸ್ತಿ ಕಲಿಸುತ್ತದೆ.

ಪರವಾನಗಿ?

ಬೇಕೇ ಬೇಕು. ಕೊಲರಾಡೋದಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಬೇಡ. ಆರು ತಿಂಗಳಿಂದ ಇಲ್ಲೇ ವಾಸವಿದ್ದರೆ ನಿವಾಸಿಗಳ ದರ, ಅದು ಬಹಳ ಕಡಿಮೆ. ಪರವಾನಗಿ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಮುಂದಿನ ಮಾರ್ಚ್ 31ರವರೆಗೆ, ಹಾಗಾಗಿ ಮಾರ್ಚ್‌ನಲ್ಲಿ ಕೊಂಡರೆ 13 ತಿಂಗಳು ಸಿಗುತ್ತದೆ. ಜೂನ್‌ನ ಮೊದಲ ಪೂರ್ಣ ವಾರಾಂತ್ಯ ಎಲ್ಲರಿಗೂ ಉಚಿತ. ಇನ್ನೊಂದು ಎಚ್ಚರಿಕೆ: ಖಾಸಗಿ ಜಮೀನಿನಲ್ಲಿ ಹರಿಯುವ ಹೊಳೆಗೆ ಇಳಿಯಬೇಡಿ. ಇಲ್ಲಿ ಹೊಳೆಯ ತಳವೂ ಜಮೀನಿನ ಮಾಲೀಕರದ್ದೇ ಆಗಿರುತ್ತದೆ.

ಮೊದಲ ದಿನ ಎಲ್ಲಿಗೆ ಹೋಗಲಿ?

ಡೆಕರ್ಸ್ ಊರಿನ ಹತ್ತಿರದ ಸೌತ್ ಪ್ಲಾಟ್ ಹೊಳೆ ಹೆಸರುವಾಸಿ, ಅದರ ಮೇಲಿನ ಚೀಸ್‌ಮನ್ ಕಣಿವೆ ಇನ್ನೂ ಹೆಸರುವಾಸಿ. ಅಲ್ಲಿನ ಮೀನು ದಿನಾ ಹತ್ತಾರು ಫ್ಲೈ ನೋಡಿ ನೋಡಿ ಜಾಣ ಆಗಿರುತ್ತದೆ. ಮೊದಲ ದಿನಕ್ಕೆ ಬೇಡ. ನಿಮ್ಮ ಬಡಾವಣೆಯ ಕೆರೆಗೆ ಹೋಗಿ, ಬ್ಲೂಗಿಲ್ ಹಿಡಿಯಿರಿ. ಅಂಗೈಯಷ್ಟು ಮೀನು, ಏನು ಹಾಕಿದರೂ ಬಾಯಿ ಹಾಕುತ್ತದೆ. ಒಂದು ಸಂಜೆಗೆ ಹತ್ತು ಸಲ ಕೊಕ್ಕೆ ಎಳೆಯುವುದು ಕಲಿತರೆ ಹೊಳೆಯಲ್ಲಿ ಕೈ ನಡುಗುವುದಿಲ್ಲ. ಆಮೇಲೆ ಗೋಲ್ಡನ್ ಊರಿನಾಚೆಯ ಕ್ಲಿಯರ್ ಕ್ರೀಕ್, ಮಾರಿಸನ್ ಕಡೆಯ ಬೇರ್ ಕ್ರೀಕ್. ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆಗಳು ಉಕ್ಕುತ್ತವೆ. ಆಗ ದಡದಿಂದಲೂ ಅಪಾಯ. ಜುಲೈವರೆಗೆ ಕಾಯಿರಿ.

ನಾವು ಮೀನು ತಿನ್ನುವುದಿಲ್ಲ. ಹಿಡಿದು ಬಿಡುವುದು ಪಾಪ ಅಲ್ವಾ?

ಈ ಪ್ರಶ್ನೆಯನ್ನು ನಮ್ಮವರೇ ಹೆಚ್ಚು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕೊಕ್ಕೆ ಚುಚ್ಚಿದರೆ ಮೀನಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. ಸುಸ್ತಾಗುತ್ತದೆ, ಗಾಬರಿಯಾಗುತ್ತದೆ, ಸರಿಯಾಗಿ ಹಿಡಿಯದಿದ್ದರೆ ಸಾಯುತ್ತದೆ. ಅದನ್ನು ಕಡಿಮೆ ಮಾಡುವುದು ನಮ್ಮ ಕೈಲಿದೆ. ಕೊಕ್ಕೆಯ ಮುಳ್ಳನ್ನು ಚಿಮುಟದಿಂದ ಅಮುಕಿ ಮಟ್ಟಸ ಮಾಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಬಲೆಯನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಫೋಟೋ ಬೇಕಿದ್ದರೆ ನೀವೂ ಉಸಿರು ಬಿಗಿಹಿಡಿಯಿರಿ, ನಿಮಗೆ ಉಸಿರು ಬೇಕು ಅನಿಸುವ ಮುಂಚೆ ಮೀನನ್ನು ನೀರಿಗೆ ಬಿಡಿ. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಬೇಡ. ನನ್ನ ಹೆಂಡತಿ ಹೊಳೆಗೆ ಬರುತ್ತಾಳೆ, ಕಲ್ಲು ಮಗುಚಿ ಅಡಿಯ ಹುಳಗಳನ್ನು ನೋಡುತ್ತಾಳೆ, ಯಾವ ಫ್ಲೈ ಕಟ್ಟಬೇಕು ಎಂದು ಹೇಳುತ್ತಾಳೆ. ರಾಡ್ ಮುಟ್ಟುವುದಿಲ್ಲ.

ಊರಿಗೆ ಹೋಗುವಾಗ ರಾಡ್ ತೆಗೆದುಕೊಂಡು ಹೋಗಬಹುದಾ?

ನಾಲ್ಕು ತುಂಡಿನ 9 ಅಡಿ ರಾಡ್ ಮಡಚಿದರೆ ಎರಡೂಕಾಲು ಅಡಿ. ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಕೂರುತ್ತದೆ. ಕೊಕ್ಕೆಗಳನ್ನೂ ಅದರಲ್ಲೇ ಇಡಿ.

ಎಲ್ಲಿ ಬಳಸುವುದು ಎನ್ನುವುದು ಮುಖ್ಯ. ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಇದೆ, ಅಲ್ಲಿನ ಮೀನುಗಾರಿಕೆ ಇಲಾಖೆ ಪರವಾನಗಿ ಕೊಡುತ್ತದೆ, ಚಳಿಗಾಲದಲ್ಲಿ ಮೊಟ್ಟೆಯಿಡುವ ಸಮಯ ಮುಚ್ಚಿರುತ್ತದೆ. ಕಾಶ್ಮೀರದ ಲಿಡರ್ ಹೊಳೆಯಲ್ಲೂ ಇಲಾಖೆಯಿಂದ ಅನುಮತಿ ಪಡೆದು ಹೋಗಬಹುದು. ನಮ್ಮಲ್ಲಿ ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮ ಮೀನಿಗೆ ರಕ್ಷಣೆ ಇರುವ ಜಾಗಗಳು. ಅಲ್ಲಿ ಮಂಡಕ್ಕಿ ಹಾಕಿ ಕೈಮುಗಿಯಬೇಕು, ಗಾಳ ಹಾಕುವ ಮಾತಿಲ್ಲ. ಭೀಮೇಶ್ವರಿ, ಗಾಲಿಬೋರೆ ಕಡೆ ಹಿಂದೆ ಮಹಶೀರ್ ಹಿಡಿಯಲು ದೇಶ ವಿದೇಶದವರು ಬರುತ್ತಿದ್ದರು. ಅದು ಕಾವೇರಿ ವನ್ಯಧಾಮ, ಈಗ ಅಲ್ಲಿ ಗಾಳ ಹಾಕುವುದು ನಿಂತಿದೆ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ 2018ರಲ್ಲಿ ಸೇರಿತು. ಊರ ಕೆರೆಗಳಲ್ಲಿ ಮೀನಿನ ಗುತ್ತಿಗೆ ಪಡೆದವರಿರುತ್ತಾರೆ, ಕೇಳದೆ ಇಳಿಯಬೇಡಿ.

ಹಾಗಾದರೆ ಎಲ್ಲಿ? ಕಳೆದ ಸಲ ತಮ್ಮನ ತೋಟದ ಕೃಷಿಹೊಂಡದಲ್ಲಿ ತಿಲಾಪಿಯಾ ಇತ್ತು. ಹಸಿರು ವುಲಿ ಬಗರ್ ಕಟ್ಟಿ ಎಸೆದೆ. ನಾಲ್ಕನೇ ಎಳೆತಕ್ಕೆ ಹಿಡಿಯಿತು. ದೊಡ್ಡಪ್ಪ ಅಡಿಕೆ ಮರಕ್ಕೆ ಒರಗಿ ನೋಡುತ್ತಿದ್ದರು. ಹತ್ತಿರ ಬಂದು ಫ್ಲೈಯನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾವ ಹಕ್ಕಿ ಗರಿ ಮಾರಾಯ?"

"ಕೋಳಿದು, ದೊಡ್ಡಪ್ಪ."

"ಹಾಗಾದ್ರೆ ನಮ್ಮನೇಲೇ ಕಟ್ಬಹುದು" ಎಂದು ಹೇಳಿ, ಹುಂಜ ಎಲ್ಲಿದೆ ಎಂದು ಹಿತ್ತಲ ಕಡೆ ನೋಡಿದರು.